ಅರ್ಧ ಹೊಟ್ಟೆಯ ಬ್ಯಾಟರಿ

ಹೋದ ರವಿವಾರ ಸುಮಂಗಲೆಯ ಅಕ್ಕ ಗದಗಿನಿಂದ ಬಂದಿದ್ದರು. ಸುಮಂಗಲಾ ನನ್ನ ಹೆಂಡತಿ. ಅವಳ ಅಕ್ಕ ಬಂದರೆಂದರೆ ಹುಬ್ಬಳ್ಳಿ ನವನಗರದ ನಮ್ಮ ಮನೆಯಲ್ಲಿ ಯಾವ ಡಬ್ಬಿಯೂ ಮುಚ್ಚಳ ಮುಚ್ಚಿಕೊಂಡು ಉಳಿಯುವುದಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯಲು ಹಿತ್ತಲಿಗೆ ಹೋದರು. ಬಟ್ಟೆ ಒಗೆಯುವ ಕಲ್ಲಿನಾಚೆ, ತಗಡಿನ ನೆರಳಿನಲ್ಲಿ, ನಾಲ್ಕು ಇಟ್ಟಂಗಿಗಳ ಮೇಲೆ ಒಂದು ಮಣ್ಣಿನ ಗಡಿಗೆ ಕೂತಿತ್ತು. ಅದಕ್ಕೆ ವಿಭೂತಿ ಎಳೆದಿದೆ, ಕುಂಕುಮ ಹಚ್ಚಿದೆ, ಮೇಲೊಂದು ಮುಚ್ಚಳ ಹಗುರವಾಗಿ ಕೂತಿದೆ. ಮೊಸರಿನ ಗಡಿಗೆಯೇ ಇರಬೇಕೆಂದು ಅವರು ಕೈ ಚಾಚಿದರು.

“ಅಕ್ಕಾರ, ಅದನ್ನ ಮುಟ್ಟಬ್ಯಾಡ್ರಿ!” ಎಂದು ನಾನು ಪಡಸಾಲೆಯಿಂದಲೇ ಕೂಗಿದೆ.

“ಯಾಕ್ರಿ? ಮೊಸರು ಕಚ್ಚತೈತೇನು?”

“ಮೊಸರಲ್ರಿ ಅದು. ಬ್ಯಾಟರಿ.”

ಬೇಡವೆಂದ ಮೇಲೆ ಬಿಡುವವರೇ ಅವರು? ಮುಚ್ಚಳ ಎತ್ತಿ ನೋಡೇ ನೋಡಿದರು. ಒಳಗೆ ಉಸುಕಿನ ಹಾಸಿಗೆಯ ಮೇಲೆ ನೀಲಿ ಬಣ್ಣದ ಮೂರು ಬ್ಯಾಟರಿಗಳು ಒಂದಕ್ಕೊಂದು ತಾಗದಂತೆ ಮಲಗಿದ್ದವು. ಅಕ್ಕಾರು ನನ್ನ ಮುಖ ನೋಡಿದರು, ಆಮೇಲೆ ತಂಗಿಯ ಮುಖ ನೋಡಿದರು. ಈ ಮನುಷ್ಯನಿಗೆ ಯಾವಾಗಿನಿಂದ ಹೀಗೆ ಎಂದು ಕೇಳುವ ನೋಟ ಅದು. ಅಷ್ಟರಲ್ಲಿ ಒಳಗಿನಿಂದ ನಮ್ಮ ಅವ್ವನ ದನಿ ಬಂತು.

“ಮುಚ್ಚವಾ, ಮುಚ್ಚು. ಮಲಗ್ಯಾವ ಅವು. ಅರ್ಧ ಹೊಟ್ಟೀಲೆ ಮಲಗ್ಯಾವ, ಎಬ್ಬಸಬ್ಯಾಡ.”

ಅವ್ವನ ಬಾಯಿಂದ ಈ ಮಾತು ಕೇಳಿ ನನಗೆ ಎಷ್ಟು ಹಿಗ್ಗಾಯಿತೆಂದು ಹೇಗೆ ಹೇಳಲಿ? ಎಂಬತ್ತೆರಡು ವರ್ಷಗಳಲ್ಲಿ ಅವ್ವ ಮನುಷ್ಯರನ್ನಾಗಲಿ ದನವನ್ನಾಗಲಿ ಅರ್ಧ ಹೊಟ್ಟೆಯಲ್ಲಿ ಮಲಗಗೊಟ್ಟವಳಲ್ಲ. ಅಂಥವಳು ಬ್ಯಾಟರಿಯ ಅರ್ಧ ಹೊಟ್ಟೆಯನ್ನು ಕಾಯುತ್ತಿದ್ದಾಳೆ! ಯುದ್ಧ ಗೆದ್ದವರು ಹೇಗಿರುತ್ತಾರೋ ನನಗೆ ಗೊತ್ತಿಲ್ಲ, ಆದರೆ ಆ ಮಧ್ಯಾಹ್ನ ನಾನು ಮಾಮೂಲಿಗಿಂತ ಎರಡು ರೊಟ್ಟಿ ಹೆಚ್ಚು ತಿಂದೆ.

ಈ ಗೆಲುವು ಸುಮ್ಮನೆ ಬಂದದ್ದಲ್ಲ. ಅದರ ಕತೆ ಹೇಳಬೇಕೆಂದರೆ ಮೊದಲು ನಮ್ಮೂರಿನ ನಳದ ವಿಷಯ ಹೇಳಬೇಕು.

ಹುಬ್ಬಳ್ಳಿ-ಧಾರವಾಡದಲ್ಲಿ ಬೆಳೆದವರಿಗೆ “ನಳಾ ಬಂತು!” ಎಂಬ ಕೂಗಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೀರು ದಿನಾ ಬರುವುದಿಲ್ಲ. ಬಂದ ದಿನ ಬಂದಷ್ಟು ಹೊತ್ತು ಮನೆಯಲ್ಲಿ ಮದುವೆಯ ಗದ್ದಲ. ನನ್ನ ಬಾಲ್ಯದಲ್ಲಿ ಆ ಕೂಗು ಎದ್ದರೆ ಸಾಲೆಯ ಪಾಟಿ ಬಿಸಾಕಿ ಓಡುತ್ತಿದ್ದೆ. ಹಂಡೆ ತುಂಬಬೇಕು, ಬ್ಯಾರಲ್ಲು ತುಂಬಬೇಕು, ಕೊಡ, ಬಕೆಟ್ಟು, ತಂಬಿಗೆ, ಆಮೇಲೆ ಲೋಟಗಳು. ಒಮ್ಮೆ ನಾನು ಉತ್ಸಾಹ ತಾಳಲಾರದೆ ಅಪ್ಪನ ಗಡ್ಡ ಹೆರೆಯುವ ಬಟ್ಟಲನ್ನೂ ತುಂಬಿಟ್ಟು ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಯಾವ ಪಾತ್ರೆಯಾದರೂ ಕಂಠದ ತನಕ ತುಂಬಿರಬೇಕು. ಅರ್ಧ ತುಂಬಿದ ಕೊಡ ಕಂಡರೆ ಅವ್ವ, “ಯಾರದಿದು ಅರೆಬರೆ ಕೆಲಸ?” ಎಂದು ಇಡೀ ಓಣಿಗೆ ಕೇಳುವಂತೆ ವಿಚಾರಿಸುತ್ತಿದ್ದಳು. ಸಿಕ್ಕಾಗ ತುಂಬಿಟ್ಟುಕೊಳ್ಳುವುದು ನಮ್ಮ ರಕ್ತದಲ್ಲಿದೆ. ಮೊಬೈಲು ಬಂದ ಮೇಲೂ ಅಷ್ಟೆ. ಕರೆಂಟು ಇದ್ದಾಗಲೇ ನೂರಕ್ಕೆ ನೂರು ತುಂಬಿಸದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಇಂಥವನ ಕೈಗೆ, ಐವತ್ತೆರಡನೆಯ ವಯಸ್ಸಿನಲ್ಲಿ, ಲಿಥಿಯಂ ಬ್ಯಾಟರಿ ಬಂತು.

ವಿಮಾನದ ಹುಚ್ಚು ಮಾತ್ರ ಅದಕ್ಕೂ ಹಳೆಯದು. ಅಪ್ಪ ಅರಳೆ ಅಂಗಡಿಯೊಂದರಲ್ಲಿ ತೂಕ ನೋಡುವ ಕೆಲಸದಲ್ಲಿದ್ದ. ರಜೆಯ ದಿನ ನನ್ನನ್ನು ಸೈಕಲ್ಲಿನ ಮುಂದಿನ ದಂಡಿಯ ಮೇಲೆ ಕೂರಿಸಿಕೊಂಡು ಗೋಕುಲ ರಸ್ತೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ವಿಮಾನದ ಬಯಲಿತ್ತು. ವಿಮಾನ ಬರುವುದು ನಮ್ಮ ನಳಕ್ಕಿಂತಲೂ ಅಪರೂಪ. ಬೇಲಿಯ ಈಚೆ ಸೈಕಲ್ಲಿಗೆ ಒರಗಿ ನಿಂತು ಶೇಂಗಾ ತಿನ್ನುತ್ತ ಕಾಯುತ್ತಿದ್ದೆವು. ಹತ್ತು ಸಲ ಹೋದರೆ ಒಮ್ಮೆ ಸಣ್ಣದೊಂದು ವಿಮಾನ ಕಾಣುತ್ತಿತ್ತು. ಆಗ ಅಪ್ಪ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು, “ನೋಡಲೇ ಶಿವೂ, ರೆಕ್ಕಿ ಬಡೀದಽ ಹಾರಾಕತ್ತೈತಿ!” ಎನ್ನುತ್ತಿದ್ದ. ನೀಲಿ ಗೆರೆಯ ಅಂಗಿ, ಅದರ ಕಾಲರಿನಲ್ಲಿ ಅರಳೆಯ ಎಳೆಗಳು. ಆ ಮನುಷ್ಯ ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತಲಿಲ್ಲ.

ನಾನಾದರೋ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡುವ ನೌಕರಿ ಹಿಡಿದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ “ಇದು ನಡೆಯೂದಿಲ್ಲ” ಎಂದು ಬದಿಗೆ ಸರಿಸುವವನು ನಾನು. ಅಲ್ಲಿ ನನ್ನನ್ನು ಕಂಡರೆ ಲೇಥಿನವರು ಹೆದರುತ್ತಾರೆ. ಮನೆಗೆ ಬಂದ ಮೇಲೆ ಆ ಶಿಸ್ತೆಲ್ಲ ಚಪ್ಪಲಿಯ ಜೊತೆಗೆ ಬಾಗಿಲಲ್ಲೇ ಉಳಿಯುತ್ತಿತ್ತು. ಅದನ್ನು ಸುಮಂಗಲೆಯೇ ಹೇಳಬೇಕು, ಹೇಳುತ್ತಲೂ ಇರುತ್ತಾಳೆ.

ನನ್ನ ಮೊದಲ ಸರಿಯಾದ ವಿಮಾನವನ್ನು ಹಗುರ ಮರದ ಕಡ್ಡಿಗಳಿಂದ ಕಟ್ಟಿ, ರೆಕ್ಕೆಗೆ ಸುಮಂಗಲೆಯ ಹಳೆಯ ಕೆಂಪು ರೇಶಿಮೆ ಸೀರೆಯ ಸೆರಗನ್ನು ಅಂಟಿಸಿ, ಮೇಲೆ ಮೆರುಗು ಬಳಿದಿದ್ದೆ. ಸೀರೆ ಹಳೆಯದೆಂದು ನಿರ್ಧರಿಸಿದವನು ನಾನು. ಆ ಪ್ರಸಂಗ ಇಲ್ಲಿ ಬೇಡ. ಮೂಗಿನಲ್ಲಿ ಮೋಟರು, ಹೊಟ್ಟೆಯಲ್ಲಿ ಅಂಗೈ ಅಗಲದ ಬ್ಯಾಟರಿ. ಅಷ್ಟು ಚಿಕ್ಕ ಒಡಲಿನಿಂದ ಅಷ್ಟೊಂದು ಬಲ ಹೊರಡುವುದನ್ನು ಕಂಡು ನಾನು ಮರುಳಾಗಿಬಿಟ್ಟೆ. ನವನಗರದಲ್ಲಿ ಹಾರಿಸುವಂತಿರಲಿಲ್ಲ, ನಿಜವಾದ ವಿಮಾನ ನಿಲ್ದಾಣ ಹತ್ತಿರದಲ್ಲೇ ಇದೆ. ಅದಕ್ಕೆ ಶಿರಗುಪ್ಪಿಯ ಗೆಳೆಯ ಬಸಣ್ಣನ ಹೊಲಕ್ಕೆ ಹೋಗುತ್ತಿದ್ದೆ. ಬಸಣ್ಣ ಹತ್ತಿ, ಹೆಸರು, ಕಡಲೆ ಬೆಳೆಯುವವನು. ಬೆಳೆ ಇಲ್ಲದಾಗ ಅವನ ಎರೆಹೊಲ ನನ್ನ ವಿಮಾನಕ್ಕೆ ಬಿಟ್ಟದ್ದು.

ಅಂಗಡಿಯವನು ನಾಲ್ಕು ಬ್ಯಾಟರಿ ಕೊಡುವಾಗ ಹೇಳಿದ್ದ: ಹಾರಿಸುವ ದಿನವಷ್ಟೆ ಪೂರ್ತಿ ತುಂಬಿಸಿ, ಸುಮ್ಮನಿಡುವಾಗ ಅರ್ಧಕ್ಕೆ ಇಳಿಸಿಡಿ, ತುಂಬಿದ್ದನ್ನು ವಾರಗಟ್ಟಲೆ ಇಟ್ಟರೆ ಕೆಡುತ್ತದೆ, ಪೂರ್ತಿ ಖಾಲಿ ಮಾಡಿದರೂ ಕೆಡುತ್ತದೆ. ನಾನು ತಲೆಯಾಡಿಸಿದೆ. ಮನೆಗೆ ಬಂದು ನಾಲ್ಕನ್ನೂ ಕಂಠಮಟ್ಟ ತುಂಬಿಸಿಟ್ಟೆ. ನಾಳೆ ಕರೆಂಟು ಹೋದರೆ?

ಮಹಾನವಮಿ ಬಂತು. ನಮ್ಮ ಕಡೆ ಖಂಡೇಪೂಜೆಯೆಂದರೆ ಕೆಲಸದ ಸಾಮಾನೆಲ್ಲ ದೇವರ ಮುಂದೆ ಬರಬೇಕು. ಕುಡುಗೋಲು, ಇಳಿಗೆಮಣೆ, ಸುಮಂಗಲೆಯ ಹೊಲಿಗೆ ಯಂತ್ರ, ನನ್ನ ಅಳತೆಯ ಸಲಕರಣೆ, ಈ ಸಲ ಹೊಸದಾಗಿ ವಿಮಾನ ಮತ್ತು ಬ್ಯಾಟರಿಗಳು. ಅವ್ವ ಒಂದೊಂದಕ್ಕೂ ವಿಭೂತಿ ಹಚ್ಚುತ್ತ ಬಂದಳು. ಬ್ಯಾಟರಿಯ ಹತ್ತಿರ ನಿಂತು ಕೇಳಿದಳು.

“ಇವು ತುಂಬ್ಯಾವಿಲ್ಲೋ?”

“ತುಂಬ್ಯಾವ ಅವ್ವ. ಫುಲ್ ಅದಾವ.”

“ಹಂಗಾರ ಛಲೋ ಆತು. ದೇವರ ಮುಂದ ಖಾಲಿ ಸಾಮಾನ ಇಡಬಾರದು.”

ಪೂಜೆಗಿಟ್ಟ ಸಾಮಾನನ್ನು ಮರುದಿನ ಎತ್ತಬೇಕಿತ್ತು. ಮರುದಿನ ಬನ್ನಿ ಹಂಚಲು ಹೊರಟೆ, “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎಂದು ಮನೆಮನೆ ತಿರುಗಿದೆ. ಆಮೇಲೆ ಕಾರ್ಖಾನೆಯಲ್ಲಿ ಕೆಲಸದ ಒತ್ತಡ. ಬ್ಯಾಟರಿಗಳು ಅಲ್ಲೇ ದೇವರ ಕೋಣೆಯ ಮೂಲೆಯಲ್ಲಿ, ನಂದಾದೀಪದ ಕಾವಿನಲ್ಲಿ, ತುಂಬಿದ ಹೊಟ್ಟೆ ಹೊತ್ತು ಹತ್ತಿರ ಹತ್ತಿರ ಮೂರು ವಾರ ಕೂತವು.

ದೀಪಾವಳಿಯ ಹಿಂದಿನ ರವಿವಾರ ಮುಂಜಾನೆ ತೆಗೆದು ನೋಡಿದರೆ ಒಂದು ಬ್ಯಾಟರಿ ಉಬ್ಬಿತ್ತು. ಅವ್ವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಮೆಚ್ಚಿಕೊಂಡಳು. “ರೊಟ್ಟಿ ಉಬ್ಬಿದಂಗ ಉಬ್ಬೇತಲ್ಲೋ. ಮೈ ಹಿಡದೈತಿ.” ಅವಳ ಲೋಕದಲ್ಲಿ ಉಬ್ಬುವುದೆಂದರೆ ಒಳ್ಳೆಯ ಸುದ್ದಿ. ಉಬ್ಬದ ರೊಟ್ಟಿಗೇ ಮರ್ಯಾದೆ ಇಲ್ಲ.

ಅವ್ವನಿಗೆ ಗೊತ್ತಿರಲಿಲ್ಲ, ಸರಿ. ನನಗೆ ಗೊತ್ತಿರಬೇಕಿತ್ತಲ್ಲ? ಉಬ್ಬಿದ ಬ್ಯಾಟರಿ ಒಳಗೆ ಕೆಟ್ಟು ಗಾಳಿ ತುಂಬಿಕೊಂಡದ್ದು, ಅದನ್ನು ಮತ್ತೆ ಮುಟ್ಟಬಾರದು. ನಾನು ಮಾಡಿದ್ದೇನು ಗೊತ್ತೆ? ಅದರ ಮೇಲೆ ಮಸಾಲೆ ಅರೆಯುವ ಕಲ್ಲು ಹೇರಿ ಚಪ್ಪಟೆ ಮಾಡಲು ನೋಡಿದೆ. ಕಾರ್ಖಾನೆಯಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ಅರ್ಧ ಗಂಟೆಯ ನಂತರ, ಸ್ವಲ್ಪ ತಗ್ಗಿದೆ ಎಂದು ನನಗೆ ನಾನೇ ಹೇಳಿಕೊಂಡು, ಚಾರ್ಜರಿಗೆ ಹಚ್ಚಿದೆ. ಮತ್ತೆ ಎಲ್ಲಿಟ್ಟೆ? ನಡುಮನೆಯ ಟ್ರಂಕಿನ ಮೇಲೆ ಮಡಿಚಿಟ್ಟಿದ್ದ ಕೌದಿಯ ಮೇಲೆ. ಮೆತ್ತಗಿದೆ, ಬ್ಯಾಟರಿಗೆ ಪೆಟ್ಟಾಗದಿರಲಿ ಎಂದು! ಹಚ್ಚಿಟ್ಟು ರೊಟ್ಟಿ ತಿನ್ನಲು ಒಳಗೆ ಹೋದೆ.

ಆ ಕೌದಿಯ ವಿಷಯ ಹೇಳಲೇಬೇಕು. ಅಪ್ಪ ತೀರಿಕೊಂಡ ವರ್ಷ ಅವ್ವ ಹೊಲಿದದ್ದು. ತನ್ನ ಸೀರೆ, ನನ್ನ ಸಾಲೆಯ ಅಂಗಿ, ತಂಗಿಯ ಲಂಗ ಎಲ್ಲ ಅದರಲ್ಲಿದ್ದವು. ನಟ್ಟ ನಡುವೆ ಅಪ್ಪನ ನೀಲಿ ಗೆರೆಯ ಅಂಗಿಯ ಚೌಕ. ಅವ್ವ ಅದನ್ನು ಚಳಿಗಾಲಕ್ಕೆ ಮಾತ್ರ ತೆಗೆಯುತ್ತಿದ್ದಳು.

ಮೊದಲ ರೊಟ್ಟಿ ಮುಗಿದಿರಲಿಲ್ಲ, ಸಿಹಿ ಸಿಹಿಯಾದ, ಗಂಟಲು ಕೆರೆಯುವ ಕೆಟ್ಟ ವಾಸನೆ ಬಂತು. ಓಡಿ ಬಂದರೆ ಬಿಳಿ ಹೊಗೆ ಬುಸುಗುಟ್ಟುತ್ತಿತ್ತು. ನಾನು ಬಾಯಿ ತೆರೆದು ನಿಂತಾಗಲೇ ಬೆಂಕಿ ಎದ್ದಿತು. ಸುಮಂಗಲಾ ಪ್ಲಗ್ ಕಿತ್ತು, ಅಡಿಗೆಮನೆಯ ಇಕ್ಕಳದಿಂದ ಬ್ಯಾಟರಿಯನ್ನು ಹಿಡಿದು ಅಂಗಳಕ್ಕೆ ಒಗೆದಳು. ನಾನು ಕೌದಿಯನ್ನು ಎಳೆದೊಯ್ದು ಕೊಡದ ನೀರು ಸುರಿದೆ. ಪುಣ್ಯಕ್ಕೆ ಅವತ್ತು ಕೊಡ ತುಂಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಹೊಗೆ ಕುಡಿದ ನಮ್ಮ ಗಂಟಲು ಎರಡು ದಿನ ಸರಿಯಾಗಲಿಲ್ಲ. ಅವಳು ಮಾಡಿದ ಆ ಸಾಹಸವನ್ನು ನೀವು ಯಾರೂ ಮಾಡಬೇಡಿ. ಕೈಯಲ್ಲಿ ಹಿಡಿಯುವಷ್ಟರ ಮಟ್ಟಿಗೆ ಅದನ್ನು ಬರಗೊಡಬಾರದಿತ್ತು.

ಕೌದಿ ಬಿಚ್ಚಿ ಹರಡಿದೆವು. ಎರಡು ಅಂಗೈಯಷ್ಟು ತೂತು ಬಿದ್ದಿತ್ತು. ಸರಿಯಾಗಿ ನಡುವೆ. ಅಪ್ಪನ ಅಂಗಿಯಲ್ಲಿ ಸುತ್ತಲಿನ ಅಂಚಷ್ಟೇ ಉಳಿದಿತ್ತು.

ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕರಕಲಾದ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ನನಗೆ ನೆಲ ಬಿರಿಯಬಾರದೆ ಅನ್ನಿಸಿತು. ವಿಮಾನವನ್ನು ಮುರಿದು ಒಲೆಗೆ ಹಾಕುತ್ತೇನೆ ಎಂದೆ.

“ಮುರದ್ರ ಏನ್ ಬಂತು? ಅದರದೇನು ತಪ್ಪು?” ಎಂದಳು ಅವ್ವ. “ಕೇಳಿಲ್ಲೆ. ಈ ತೂತಿಗೆ ನಾ ತೇಪಿ ಹಚ್ಚೂದಿಲ್ಲ. ಹಿಂಗಽ ಗ್ವಾಡಿಗೆ ತೂಗ ಹಾಕತೇನಿ. ಬರೂ ಮಹಾನವಮಿ ತನಕ ನಿನ್ನ ಬ್ಯಾಟರಿ ಮೈಮ್ಯಾಲೆ ಎಚ್ಚರ ಇಟ್ಟು ನಡಸು. ಹೊಗಿ ಬರಲಾರದಂಗ ನಡಸಿದ್ರ ತೇಪಿ ಹಚ್ಚತೇನಿ. ಬಂತೋ, ಆ ಇಮಾನ ಕಪಾಟಿನ್ಯಾಗ, ಈ ಕೌದಿ ಗ್ವಾಡಿ ಮ್ಯಾಲೆ. ಎರಡೂ ಅಲ್ಲೇ ಇರಲಿ.”

“ನಾ ನೋಡಕೋತೇನ್ರಿ ಅತ್ತಿ,” ಎಂದಳು ಸುಮಂಗಲಾ. ಆ ದನಿ ಕೇಳಿ ನನಗೆ ಕಾರ್ಖಾನೆಯ ಲೇಥಿನವರ ಕಷ್ಟ ಅರ್ಥವಾಯಿತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ವನವಾಸ. ತೂತು ಬಿದ್ದ ಕೌದಿ ನಡುಮನೆಯ ಗೋಡೆಗೆ ಮೊಳೆ ಹೊಡೆಸಿಕೊಂಡು ನಿಂತಿತು. ಬಂದವರೆಲ್ಲ ಕೇಳುವುದು, ಅವ್ವ ನನ್ನ ಕಡೆ ಗದ್ದ ತೋರಿಸುವುದು. ಉಳಿದ ಮೂರು ಬ್ಯಾಟರಿಗಳು ಪುಣ್ಯವಶಾತ್ ಚೆನ್ನಾಗಿದ್ದವು. ಅವುಗಳಿಗೆ ಸುಮಂಗಲಾ ಮನೆಯ ಹೊರಗೆ ಜಾಗ ಕೊಟ್ಟಳು. ಗಡಿಗೆ ಅವಳದೇ ಯೋಚನೆ. ಕೆಳಗೆ ಉಸುಕು, ಬದಿಗೆ ಮೇಲಿನಿಂದ ಸುರಿಯಲು ಇನ್ನೊಂದು ಚೀಲ ಉಸುಕು. ಮುಚ್ಚಳವನ್ನು ನಾನು ಗಟ್ಟಿಯಾಗಿ ಬಿಗಿಯಲು ಹೋದೆ. ಆಗ ಅವ್ವ ತಡೆದಳು.

“ಬಿಗಿಬ್ಯಾಡೋ. ಒಳಗಿನ ಗಾಳಿ ಎಲ್ಲೆ ಹೋಗಬೇಕು? ಉಪ್ಪಿನಕಾಯಿ ಹುಳಿಯೇರೂ ಮುಂದ ಬರಣಿ ಬಾಯಿ ಬಿಗದಿದ್ದಕ್ಕ ನಮ್ಮ ದೊಡ್ಡವ್ವನ ಬರಣಿ ಒಡದು ಗ್ವಾಡಿಗೆಲ್ಲ ಖಾರ ಹತ್ತಿತ್ತು.”

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಹೊಗೆ ಹೊರಹೋಗಲು ದಾರಿ ಇಲ್ಲದ ಡಬ್ಬಿ ಬಾಂಬಾಗುತ್ತದೆ. ಐವತ್ತು ವರ್ಷ ಉಪ್ಪಿನಕಾಯಿ ಹಾಕಿದವಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒದ್ದೆ ಕೈ ಹಾಕಬಾರದು, ಬಿಸಿಲಿಗೆ ಇಡಬಾರದು, ಚಮಚ-ಚಾಕು ಒಳಗೆ ಬಿಡಬಾರದು, ಬಣ್ಣ ಆಕಾರ ಬದಲಾದರೆ ಮುಲಾಜಿಲ್ಲದೆ ಹೊರಗೆ ಹಾಕಬೇಕು. ಎಲ್ಲ ಅವಳ ಬರಣಿಯ ಕಾನೂನುಗಳೇ. ನಾನು ಇಷ್ಟು ದಿನ ತಲೆಕೆರೆದುಕೊಂಡು ಓದಿದ್ದನ್ನು ಅವಳು ಅಡಿಗೆಮನೆಯಲ್ಲಿ ಕೂತೇ ಪೂರೈಸಿಬಿಟ್ಟಳು.

ಚಾರ್ಜಿಗೆ ಹಚ್ಚಿದಾಗ ಹಾಲು ಕಾಯಿಸುವವರ ಹಾಗೆ ಎದುರಿಗೇ ಕೂರಬೇಕೆಂದು ಸುಮಂಗಲೆಯ ಅಪ್ಪಣೆ. ಹಿತ್ತಲಲ್ಲಿ ಮಣೆ ಹಾಕಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದೆ. ಬ್ಯಾಟರಿಯೊಳಗಿನ ಮೂರು ಸೆಲ್ಲುಗಳೂ ಸಮನಾಗಿ ತುಂಬುತ್ತಿವೆಯೇ, ಮೈ ಬೆಚ್ಚಗಾಗುತ್ತಿದೆಯೇ ಎಂದು ನೋಡುತ್ತಿದ್ದೆ. ಫೋನು ಬಂದರೂ ಏಳುವಂತಿಲ್ಲ. ಒಮ್ಮೆ ಕಾರ್ಖಾನೆಯ ಮ್ಯಾನೇಜರು ಕರೆ ಮಾಡಿದಾಗ ಸುಮಂಗಲಾ ಫೋನೆತ್ತಿ, “ಅವರು ಬ್ಯಾಟರಿ ಕಾಯಾಕತ್ತಾರ್ರಿ, ಆಮ್ಯಾಲೆ ಮಾಡ್ರಿ,” ಎಂದು ಇಟ್ಟುಬಿಟ್ಟಳು. ನಾನು ಕುರಿ ಕಾಯಲು ಹೋಗಿದ್ದೇನೆಂದರೂ ಇಷ್ಟು ಮಾನ ಹೋಗುತ್ತಿರಲಿಲ್ಲ.

ಹಾರಿಸಿ ಬಂದ ಮೇಲೆ ಬಿಸಿ ಆರುವ ತನಕ ಮತ್ತೆ ಚಾರ್ಜಿಲ್ಲ. ಕಾರಿನೊಳಗೆ ಬಿಟ್ಟು ಬರುವಂತಿಲ್ಲ. ಮತ್ತು ರಾತ್ರಿಯಾಗುವುದರೊಳಗೆ ಅರ್ಧಕ್ಕೆ ತಂದು ಮಲಗಿಸಬೇಕು. ಇದೊಂದು ಮಾತ್ರ ಅವ್ವನ ಗಂಟಲಲ್ಲಿ ಇಳಿಯಲಿಲ್ಲ.

“ಅಲ್ಲೋ, ದುಡದು ಬಂದಾವು. ಅರ್ಧ ಹೊಟ್ಟೀಲೆ ಮಲಗಸ್ತೀಯಲ್ಲ, ಪಾಪ ಹತ್ತೂದಿಲ್ಲೇನು?”

“ಅವ್ವ, ನಿನಗ ಹೊಟ್ಟಿ ಬಿರಿಯೂ ಹಂಗ ಹೋಳಿಗಿ ತಿನಿಸಿ, ವಾರಗಟ್ಟಲೆ ಕುಂತಲ್ಲಿಂದ ಏಳಬ್ಯಾಡ ಅಂದ್ರ ಹೆಂಗಾಗತೈತಿ?”

ಅವ್ವ ವಿಚಾರ ಮಾಡಿದಳು. “ಸಂಕಟ ಆಗತೈತಿ,” ಎಂದಳು. “ಒಂದೀಟು ಮಜ್ಜಿಗಿ ಕುಡದು ಮಲಗಿದ್ರ ನಿದ್ದಿ ಛಲೋ ಬರತೈತಿ, ಅದು ಖರೇ.” ಅವತ್ತಿನಿಂದ ಬ್ಯಾಟರಿ ಅರ್ಧಕ್ಕೆ ತರುವುದಕ್ಕೆ ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿಸುವುದು ಎಂದೇ ಹೆಸರಾಯಿತು.

ಹನ್ನೊಂದು ತಿಂಗಳು ಸರಿದವು. ಒಂದು ಎಳೆ ಹೊಗೆಯಿಲ್ಲ. ಮಹಾನವಮಿಗೆ ನಾಲ್ಕು ದಿನ ಉಳಿದಿತ್ತು. ಹೆಸರು ಕಿತ್ತು ಬಸಣ್ಣನ ಹೊಲ ಖಾಲಿಯಾಗಿತ್ತು, ವಾರದಿಂದ ಮಳೆಯೂ ಬಿಟ್ಟಿತ್ತು. ಗೆದ್ದೇಬಿಟ್ಟೆನೆಂಬ ಜಂಬದಲ್ಲಿ ನಾನು ಅವ್ವನನ್ನೂ ಸುಮಂಗಲೆಯನ್ನೂ ಶಿರಗುಪ್ಪಿಗೆ ಕರೆದುಕೊಂಡು ಹೋದೆ. ಕಾರಿನ ಹಿಂದೆ ವಿಮಾನ, ಬುತ್ತಿಯ ಗಂಟು, ಉಸುಕಿನ ಚೀಲ, ಮತ್ತು ನಮ್ಮ ಗಡಿಗೆ. ಗಡಿಗೆ ಇಲ್ಲದೆ ಹೊರಡಲು ಸುಮಂಗಲಾ ಬಿಡಲಿಲ್ಲ.

ಮೊದಲ ಹಾರಾಟ ಹೇಗಿತ್ತೆಂದು ಬರೆಯಲು ಹೋದರೆ ನನಗೆ ಈಗಲೂ ಉಸಿರು ಏರುತ್ತದೆ. ಕೆಂಪು ರೇಶಿಮೆ ರೆಕ್ಕೆ ಬಿಸಿಲಿಗೆ ಹೊಳೆಯುತ್ತ ಬೇವಿನ ಮರದ ಮೇಲಿಂದ ಸುತ್ತು ಹೊಡೆಯಿತು. ಪಕ್ಕದ ಹೊಲದಲ್ಲಿ ಹತ್ತಿಯ ಕಳೆ ತೆಗೆಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಂದು ನಿಂತರು. ಅವ್ವ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಆರನೆಯ ನಿಮಿಷಕ್ಕೆ ಗಡಿಯಾರ ಕೂಗಿತು. ಬ್ಯಾಟರಿ ಪೂರ್ತಿ ಬರಿದಾಗುವ ಮುಂಚೆ ಇಳಿಸಬೇಕೆಂದು ನಾನೇ ಇಟ್ಟುಕೊಂಡ ಗಡುವು ಅದು.

“ಶಿವಣ್ಣ, ಇನ್ನೊಂದು ಸುತ್ತು ಹೊಡಸಲೇ! ಇಷ್ಟು ಮಂದಿ ನಿಂತಾರ!” ಎಂದ ಬಸಣ್ಣ.

ಹಳೆಯ ನಾನಾಗಿದ್ದರೆ ಮೂರು ಸುತ್ತು ಹೊಡೆಸುತ್ತಿದ್ದೆ. ಇಳಿಸಿಬಿಟ್ಟೆ. ಹೆಂಗಸರು ಚಪ್ಪಾಳೆ ತಟ್ಟಿದರು. ಬ್ಯಾಟರಿ ಮುಟ್ಟಿ ನೋಡಿದೆ, ಹದವಾಗಿ ಬೆಚ್ಚಗಿತ್ತು. ಸುಮಂಗಲೆಯ ಮುಖದಲ್ಲಿ ನಗೆ ಕಂಡೆ.

ಎರಡನೆಯ ಹಾರಾಟವೂ ಹಾಗೇ ಆಯಿತು, ಕೊನೆಯ ಅರ್ಧ ನಿಮಿಷ ಬಿಟ್ಟರೆ. ವಿಮಾನ ನೆಲಕ್ಕೆ ಮೊಳ ಎತ್ತರದಲ್ಲಿ ಬರುತ್ತಿದ್ದಾಗ ಬಸಣ್ಣನ ನಾಯಿ ಮೋತಿ ಅದನ್ನು ಸ್ವಾಗತಿಸಲು ಓಡಿತು. ನಾಯಿಯನ್ನು ತಪ್ಪಿಸಲು ಹೊರಳಿಸಿದೆ. ವಿಮಾನ ಹೋಗಿ ಹೊಲದ ಒಡ್ಡಿಗೆ ಮೂಗು ಹೆಟ್ಟಿತು. ಮೂಗು ನುಚ್ಚುನೂರು, ಎಡ ರೆಕ್ಕೆ ಮುರಿದಿತ್ತು. ಬ್ಯಾಟರಿ ಹೊರಗೆ ಬಿದ್ದಿತ್ತು. ನೋಡಲು ಏನೂ ಆದಂತಿಲ್ಲ, ಒಂದು ಮೂಲೆ ಮಾತ್ರ ಸ್ವಲ್ಪ ತಗ್ಗಾಗಿತ್ತು.

“ಏನೂ ಆಗಿಲ್ಲ ಬಿಡು, ಕಾರಿನ್ಯಾಗ ಒಗಿ. ಊಟ ಮಾಡೋಣು ನಡಿ,” ಎಂದ ಬಸಣ್ಣ.

ನನ್ನ ಕೈ ಆಗಲೇ ಕಾರಿನ ಬಾಗಿಲ ಮೇಲಿತ್ತು. ನಿಜ ಹೇಳುತ್ತೇನೆ, ಒಗೆಯಬೇಕೆಂದೇ ಅನ್ನಿಸಿತ್ತು. ಆದರೆ ಗೋಡೆಯ ಮೇಲಿನ ಆ ತೂತು ಕಣ್ಣಿಗೆ ಕಟ್ಟಿತು. ಗಡಿಗೆ ಇಳಿಸಿಕೊಂಡು, ಇಪ್ಪತ್ತು ಹೆಜ್ಜೆ ದೂರ ಬರಿ ನೆಲದ ಮೇಲೆ ಇಟ್ಟು, ಪೆಟ್ಟು ತಿಂದ ಬ್ಯಾಟರಿಯೊಂದನ್ನೇ ಉಸುಕಿನೊಳಗೆ ಮಲಗಿಸಿ, ಮುಚ್ಚಳ ಹಗುರಾಗಿ ಹಾಕಿ ಬಂದೆ. ಒಂದು ತಾಸು ನೋಡದೆ ಇಲ್ಲಿಂದ ಹೊರಡುವುದಿಲ್ಲ ಎಂದೆ.

ಬೇವಿನ ಕೆಳಗೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ನಾನು ತಿನ್ನುವುದಕ್ಕಿಂತ ಗಡಿಗೆಯ ಕಡೆ ನೋಡುವುದೇ ಹೆಚ್ಚಾಗಿತ್ತು.

“ಶಿವಣ್ಣ, ಬ್ಯಾಟರಿಗೆ ಸೂತಕ ಹಿಡದೀಯೇನು?” ಎಂದು ಬಸಣ್ಣ ನಕ್ಕ. ಕಳೆ ತೆಗೆಯುವ ಹೆಂಗಸರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಎರಡನೆಯ ರೊಟ್ಟಿ ಮುರಿಯುವಾಗ ‘ಪಟ್’ ಎಂದಿತು. ಮುಚ್ಚಳ ಹಾರಿ ಬದಿಗೆ ಬಿತ್ತು. ಗಡಿಗೆಯ ಬಾಯಿಂದ ಬಿಳಿ ಹೊಗೆ ಕಂಬದಂತೆ ಎದ್ದಿತು, ಹಿಂದೆಯೇ ಕೆಂಪು ನಾಲಗೆ. ಮೋತಿ ಬಾಲ ಮುದುರಿ ಬಸಣ್ಣನ ಬೆನ್ನ ಹಿಂದೆ ಸೇರಿತು. ಗಾಳಿಗೆ ಬೆನ್ನಾಗಿ ಹೋಗಿ ಉಸುಕಿನ ಚೀಲ ಸುರಿದು ಹಿಂದೆ ಸರಿದೆ. ಎರಡು ನಿಮಿಷ ಬುಸುಗುಟ್ಟಿ ಗಡಿಗೆ ಸುಮ್ಮನಾಯಿತು. ಒಂದು ಬದಿ ಬಿರುಕು ಬಿಟ್ಟಿತ್ತು, ಅಷ್ಟೆ. ಸುತ್ತ ಒಂದು ಹುಲ್ಲುಕಡ್ಡಿಯೂ ಸುಟ್ಟಿರಲಿಲ್ಲ.

ಬಸಣ್ಣನ ನಗೆ ನಿಂತಿತ್ತು. ಅವನು ಒಮ್ಮೆ ಗಡಿಗೆ ನೋಡಿದ, ಒಮ್ಮೆ ಕಾರು ನೋಡಿದ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಂದವಳು ಅವ್ವ. ಬ್ಯಾಟರಿಯನ್ನು ಅಲ್ಲಿ ಒಗೆದು ಹೊರಟೇಬಿಟ್ಟಿದ್ದರೆ ಆ ಹೊತ್ತಿಗೆ ನಾವು ಹುಬ್ಬಳ್ಳಿಯ ದಾರಿಯಲ್ಲಿರುತ್ತಿದ್ದೆವು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ನೆನಪಾಯಿತು. ಹೊಗೆ ಬಂದಿತ್ತು. ಮಹಾನವಮಿಗೆ ನಾಲ್ಕೇ ದಿನ ಇರುವಾಗ, ಅವ್ವನ ಕಣ್ಣೆದುರೇ, ಊರಿಗೆಲ್ಲ ಕಾಣುವಂತೆ ಹೊಗೆ ಬಂದಿತ್ತು.

“ಅವ್ವ,” ಎಂದೆ. “ಸೋತೆ. ಹೊಗಿ ಬಂತು.”

ಅವ್ವ ಎದ್ದು, ಕೋಲೂರಿಕೊಂಡು, ಗಡಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಒಳಗೆ ಇಣುಕಿದಳು. ತಿರುಗಿ ಬಂದು ನನ್ನ ಪಕ್ಕ ಕೂತಳು.

“ಎಲ್ಲೆ ಬಂತು ಹೊಗಿ?”

“ಗಡಿಗ್ಯಾಗ.”

“ಹೌದಿಲ್ಲೋ? ಒಲ್ಯಾಗ ಹೊಗಿ ಬಂದ್ರ ಯಾರರೆ ಬೈತಾರೇನು? ಹ್ವಾದ ವರ್ಷ ಅದು ನನ್ನ ಹಾಸಿಗ್ಯಾಗ ಬಂದಿತ್ತು. ಈ ವರ್ಷ ಎಲ್ಲೆ ಬರಬೇಕೋ ಅಲ್ಲೆ ಬಂತು. ನೀ ಕರಕೊಂಡು ಹೋಗಿ ಅಲ್ಲೆ ಕುಂದ್ರಿಸಿದಿ.” ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ನನ್ನ ಬಾಯಿಗಿಟ್ಟಳು. “ತಿನ್ನು. ಮುಖ ನೋಡು, ಹೆಂಗ್ ಬಿಳಚೇತಿ. ಸುಮಂಗಲಾ, ಆ ಮುರದ ರೆಕ್ಕಿ ಅರಿವಿ ಬಿಚ್ಚಿ ಕೊಡವಾ. ತೇಪಿಗೆ ಬೇಕು.”

ಐವತ್ತಮೂರರ ಗಂಡಸು ಹತ್ತು ಜನರೆದುರು ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಅತ್ತದ್ದನ್ನು ಬಸಣ್ಣ ಈಗಲೂ ಊರಲ್ಲಿ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ.

ಮಹಾನವಮಿಯ ಹಿಂದಿನ ದಿನ ಕೌದಿ ಗೋಡೆಯಿಂದ ಇಳಿಯಿತು. ಮೆರುಗು ಬಳಿದ ರೇಶಿಮೆಯಲ್ಲಿ ಸೂಜಿ ಸುಲಭಕ್ಕೆ ಇಳಿಯದೆ ಅವ್ವ ನನ್ನನ್ನೂ ವಿಮಾನ ಕಂಡುಹಿಡಿದವರನ್ನೂ ಸೇರಿಸಿ ಬೈಯುತ್ತ ಹೊಲಿದಳು. ಅಪ್ಪನ ಅಂಗಿ ಇದ್ದ ಜಾಗದಲ್ಲಿ ಈಗ ಕೆಂಪು ರೆಕ್ಕೆ. ಸುಟ್ಟ ಅಂಚನ್ನು ಕತ್ತರಿಸಿ ತೆಗೆದಾಗ ಉಳಿದ ನೀಲಿ ಗೆರೆಯ ಬಟ್ಟೆಯನ್ನು, ಬೆರಳಗಲದ ಒಂದು ಪಟ್ಟಿ, ಅವ್ವ ಮಡಿಚಿ ನನ್ನ ಕೈಗಿಟ್ಟಳು. ಏನು ಮಾಡಬೇಕೆಂದು ಹೇಳಲಿಲ್ಲ. ಪೂಜೆಯಲ್ಲಿ ಹೊಸ ಗಡಿಗೆ ಎಲ್ಲಕ್ಕಿಂತ ಮುಂದೆ ಕೂತಿತು. ವಿಭೂತಿ ಹಚ್ಚುವ ಮುಂಚೆ ಅವ್ವ ಕೇಳಿದಳು, “ಮಜ್ಜಿಗಿ ಕುಡಿಸೀಯಿಲ್ಲೋ?”

ಕಳೆದುಕೊಂಡ ಬ್ಯಾಟರಿಯ ಜಾಗಕ್ಕೆ ಹೊಸದೊಂದು ಬಂತು. ಚಳಿಗಾಲವೆಲ್ಲ ಕೂತು ಹೊಸ ವಿಮಾನ ಕಟ್ಟಿದೆ. ಹೋದ ರವಿವಾರ, ಆ ಹೆಚ್ಚಿನ ಎರಡು ರೊಟ್ಟಿ ಜೀರ್ಣವಾಗುವ ಮುಂಚೆಯೇ, ಅಕ್ಕಾರನ್ನೂ ಕೂರಿಸಿಕೊಂಡು ಎಲ್ಲರೂ ಶಿರಗುಪ್ಪಿಗೆ ಹೋದೆವು. ಬ್ಯಾಟರಿಯೊಂದನ್ನು ಎಬ್ಬಿಸಿ, ಎದುರಿಗೆ ಕೂತು ತುಂಬಿಸಿಯೇ ಹೊರಟದ್ದು. ಕಡಲೆ ಕಿತ್ತ ಹೊಲದಲ್ಲಿ ಅವ್ವ ಕೌದಿ ಹಾಸಿಕೊಂಡು ಕೂತಳು. ಬಸಣ್ಣ ಯಾರೂ ಹೇಳದೆಯೇ ಮೋತಿಯನ್ನು ಮರಕ್ಕೆ ಕಟ್ಟಿಹಾಕಿದ.

ವಿಮಾನ ಏರಿತು. ಅದರ ಬಾಲಕ್ಕೆ ನಾನು ಆ ನೀಲಿ ಗೆರೆಯ ಪಟ್ಟಿಯನ್ನು ಕಟ್ಟಿದ್ದೆ. ಅವ್ವನಿಗೆ ಹೇಳಿರಲಿಲ್ಲ. ಎರಡನೆಯ ಸುತ್ತಿಗೆ ಅವಳ ಕಣ್ಣಿಗೆ ಬಿತ್ತು.

“ಅದು ನಿಮ್ಮಪ್ಪನ ಅಂಗಿ ಅಲ್ಲೇನೋ?”

“ಹೌದವ್ವ.”

ಅವ್ವ ಕತ್ತೆತ್ತಿ ನೋಡುತ್ತಲೇ ಇದ್ದಳು. ಪಟ್ಟಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತ ಬೇವಿನ ಮರ ದಾಟಿತು, ಒಡ್ಡು ದಾಟಿತು, ಕೆರೆಯ ಕಡೆ ಹೊರಳಿತು. ಗಡಿಯಾರ ಕೂಗಿತು. ಕೌದಿ ಸುಟ್ಟಂದಿನಿಂದ ಒಮ್ಮೆಯೂ ಕೈತಪ್ಪಿ ನಡೆಯದ ನಾನು ಅವತ್ತು ವಿಮಾನ ಇಳಿಸುವ ರಿಮೋಟಿನ ಕೋಲನ್ನು ಕೆಳಗೆ ಒತ್ತಲಾರದೆ ನಿಂತೆ. ಅಪ್ಪ ಮೇಲಿದ್ದ. ಇನ್ನೊಂದೇ ಒಂದು ಸುತ್ತು ಹಾರಲಿ, ಇಷ್ಟು ವರ್ಷ ಬೇಲಿಯ ಈಚೆ ನಿಂತವನು.

“ಶಿವೂ,” ಎಂದಳು ಅವ್ವ, ಕಣ್ಣು ಆಕಾಶದಿಂದ ಕೀಳದೆ. “ಸಾಕು, ಇಳಸು. ಖಾಲಿ ಆಗೂತನಕ ಹಾರಸಬಾರದು.”

ಇಳಿಸಿದೆ. ಬ್ಯಾಟರಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಉಬ್ಬಿದೆಯೇ ಎಂದು ಹೆಬ್ಬೆರಳಿನಿಂದ ಸವರಿ ನೋಡಿ, “ಬೆಚ್ಚಗೈತಿ,” ಎಂದಳು. ಆಮೇಲೆ ಗಡಿಗೆಯಲ್ಲಿ ಮಲಗಿಸಿ, ಮುಚ್ಚಳವನ್ನು ಹಗುರಾಗಿ ಮೇಲಿಟ್ಟಳು.